ಎಡೆದೊರೆನಾಡಿನ ಹಾಡುಗಾರರ ದೇಶಸಂಚಾರ

ತಾನು ಕಟ್ಟಿದ ಹಾಡನ್ನು ತಾನೇ ಹಾಡುತ್ತ ನಾಡಿನಿಂದ ನಾಡಿಗೆ ಸಂಚರಿಸುವುದು ಬಹು ಹಳೆಯ ವೃತ್ತಿ. ಆ ಸಂಚಾರವೇ ಒಂದು ಮಹೋದ್ಯಮವಾದುದು ಮಾತ್ರ ಇತ್ತೀಚಿನ ಸಂಗತಿ. ಸ್ವೀಡನ್ ದೇಶದ ಗಾಯಕಿ ಜೆನ್ನಿ ಲಿಂಡಳು ೧೮೫೦ರಲ್ಲಿ ಅಮೆರಿಕೆಗೆ ಹೋದಾಗ, ಬಾರ್ನಮ್ ಎಂಬ ವ್ಯಾಪಾರಿಯು ಕಛೇರಿಯೊಂದಕ್ಕೆ ಸಾವಿರ ಡಾಲರಿನಂತೆ ಆಕೆಯೊಡನೆ ಕರಾರು ಮಾಡಿಕೊಂಡಿದ್ದನು. ಆಕೆ ಹಾಡುತ್ತಿದ್ದುದು ಪರರು ಕಟ್ಟಿದ ಹಾಡುಗಳನ್ನು. ತನ್ನ ಹಾಡುಗಳನ್ನೇ ಹೊತ್ತುಕೊಂಡು ಹೊರಟ ಅಮೆರಿಕೆಯ ಟೇಲರ್ ಸ್ವಿಫ್ಟ್ ಎಂಬಾಕೆಯು ೨೦೨೩ರ ಮಾರ್ಚಿಯಿಂದ ೨೦೨೪ರ ಡಿಸೆಂಬರಿನವರೆಗೆ ಐದು ಖಂಡಗಳಲ್ಲಿ ೧೪೯ ಕಛೇರಿಗಳನ್ನು ನಡೆಸಿದಳು. ಕೇಳಲು ಬಂದವರು ಒಂದು ಕೋಟಿಗೂ ಮಿಕ್ಕಿದ್ದರು; ಚೀಟಿಗಳಿಂದಲೇ ಬಂದ ಹಣ ಇನ್ನೂರು ಕೋಟಿ ಡಾಲರುಗಳನ್ನು ದಾಟಿತು. ಲೋಕದ ಇತಿಹಾಸದಲ್ಲಿ ಹಾಡುಗಾರರ ಸಂಚಾರವೊಂದು ಇಷ್ಟು ಧನವನ್ನು ತಂದುದು ಅದಕ್ಕೆ ಹಿಂದೆ ಇರಲಿಲ್ಲ.

ಇಂತಹ ವಾರ್ತೆಗಳನ್ನು ಓದಿ ಬೆರಗಾಗುವ ಕನ್ನಡ ವಾಚಕರು ಕೃಷ್ಣೆ ತುಂಗಭದ್ರೆಗಳ ನಡುವಣ ಎಡೆದೊರೆನಾಡಿನ ಕಡೆಗೆ ಒಮ್ಮೆ ದೃಷ್ಟಿ ಹರಿಸುವುದು ಲೇಸು. ಹದಿನೆಂಟನೆಯ ಶತಮಾನದಲ್ಲಿ ಒಂದೇ ಜಿಲ್ಲೆಯ ಮೂರು ಸಣ್ಣ ಊರುಗಳಿಂದ ಮೂವರು ಗಾಯಕಕವಿಗಳು ಹೊರಟರು. ಅವರಲ್ಲಿ ಹಿರಿಯವರು ಕಾಲ್ನಡಿಗೆಯಿಂದಲೇ ಭರತಖಂಡದ ಅರ್ಧಭಾಗವನ್ನು ಅಳೆದು ಬಂದರು. ಯಾರೊಬ್ಬರಿಂದಲೂ ಒಂದು ಕಾಸನ್ನು ಪ್ರವೇಶದ ಬೆಲೆಯೆಂದು ತೆಗೆದುಕೊಳ್ಳಲಿಲ್ಲ.

ರಾಯಚೂರಿನಿಂದ ಮಂತ್ರಾಲಯಕ್ಕೆ ಹೋಗುವ ದಾರಿಯಲ್ಲಿ ಯರಗೇರಾ ಎಂಬ ಊರು ಇದೆ. ಈಗ ಅಲ್ಲಿ ವಿಶ್ವವಿದ್ಯಾಲಯವೊಂದು ನೆಲಸಿರುವುದರಿಂದ ಅದರ ಹೆಸರು ಹೊರಗಿನವರಿಗೂ ಪರಿಚಿತವಾಗುತ್ತಿದೆ. ಆ ಊರಿನಲ್ಲಿ ನಿಂತು ದಿಕ್ಕುಗಳನ್ನು ಗುರುತಿಸಿದರೆ ದಾಸಸಾಹಿತ್ಯದ ಭೂಗೋಳವು ಚಕ್ರಾಕಾರವಾಗಿ ಸುತ್ತಲೂ ಹರಡಿರುವುದು ಕಾಣುತ್ತದೆ. ಪಡುವಲಿಗೆ ಮಾನವಿ, ಆ ತಾಲ್ಲೂಕಿನಲ್ಲಿ ತುಂಗಭದ್ರೆಯ ದಡದ ಚೀಕಲಪರವಿ ವಿಜಯದಾಸರ ಜನ್ಮಸ್ಥಳ, ಬ್ಯಾಗವಾಟ ಜಗನ್ನಾಥದಾಸರ ಜನ್ಮಸ್ಥಳ. ವಾಯವ್ಯಕ್ಕೆ ದೇವದುರ್ಗ, ಅದರ ಮೊಸರಕಲ್ಲಿನಲ್ಲಿ ಗೋಪಾಲದಾಸರು ಹುಟ್ಟಿದರು. ಮೂಡಲಿಗೆ, ಈಗ ತೆಲಂಗಾಣಕ್ಕೆ ಸೇರಿದ ಐಜದ ಸಮೀಪದಲ್ಲಿ, ಅವರು ಬಾಳಿದ ಉತ್ತನೂರು. ಆಗ್ನೇಯಕ್ಕೆ ಹೊಳೆಯಾಚೆ ರಾಘವೇಂದ್ರಸ್ವಾಮಿಗಳು ೧೬೭೧ರಲ್ಲಿ ಬೃಂದಾವನಸ್ಥರಾದ ಮಂತ್ರಾಲಯ. ತೆಂಕಲಿಗೆ ಆದವಾನಿ, ಅದಕ್ಕೂ ತೆಂಕಲಿಗೆ ವಿಜಯದಾಸರು ದೇಹಬಿಟ್ಟ ಚಿಪ್ಪಗಿರಿ. ಎರಡು ಮೂರು ದಿನಗಳ ನಡಿಗೆಯ ಒಳಗೆ ಇಷ್ಟು ಸ್ಥಳಗಳು ಕೂಡಿಬಂದಿರುವ ಸೀಮೆ ಕರ್ಣಾಟಕದಲ್ಲಿ ಬಹಳವಿಲ್ಲ.

ಆದರೆ ಆ ಕಾಲದ ಎಡೆದೊರೆಯು ಹಾಡುವವರಿಗೆ ಸುಖದ ಬೀಡಾಗಿರಲಿಲ್ಲ. ವಿಜಯದಾಸರು ಹುಟ್ಟಿದುದು ೧೬೮೨ರಲ್ಲಿ. ಅವರಿಗೆ ನಾಲ್ಕು ವರ್ಷ ತುಂಬುವ ಹೊತ್ತಿಗೆ, ೧೬೮೬ರಲ್ಲಿ, ಬಿಜಾಪುರದ ಆದಿಲಶಾಹಿಯು ಔರಂಗಜೇಬನ ಸೇನೆಗೆ ಶರಣಾಯಿತು. ಮರುವರ್ಷ ಗೋಲ್ಕೊಂಡೆ ಬಿದ್ದಿತು. ೧೬೮೮ರಲ್ಲಿ ಆದವಾನಿಯ ಕೋಟೆಯೂ ಮೊಗಲರ ಕೈಸೇರಿತು. ಮೊಗಲರಿಗೂ ಮರಾಠರಿಗೂ ನಡೆದ ಯುದ್ಧಗಳಲ್ಲಿ ಬೆಳೆದ ಬೆಳೆ ದಂಡಿನ ಕುದುರೆಗಳ ಪಾಲಾಗುತ್ತಿತ್ತು. ೧೭೦೨ರಿಂದ ೧೭೦೪ರವರೆಗೆ ದಖನ್ನಿನಲ್ಲೆಲ್ಲ ಘೋರವಾದ ಬರವೂ ಬೇನೆಯೂ ಕಾಣಿಸಿಕೊಂಡವು. ೧೭೨೪ರಲ್ಲಿ ನಿಜಾಮ-ಉಲ್-ಮುಲ್ಕನು ಹೈದರಾಬಾದಿನ ಆಳಿಕೆಯನ್ನು ಬೇರೂರಿಸಿದ ಮೇಲೆಯೇ ಸೀಮೆಗೆ ಸ್ವಲ್ಪಮಟ್ಟಿನ ಸ್ಥಿರತೆಯು ಬಂದಿತು. ದಾಸರ ಚರಿತ್ರೆಗಳನ್ನು ಹೇಳುವವರು ಸ್ವಪ್ನಗಳನ್ನೂ ಪವಾಡಗಳನ್ನೂ ವಿಸ್ತರಿಸುವಷ್ಟು ಈ ಬರಗಾಲವನ್ನು ವಿಸ್ತರಿಸುವುದಿಲ್ಲ. ಚೀಕಲಪರವಿಯ ಹುಡುಗನೊಬ್ಬನು ಮನೆಬಿಟ್ಟು ಹೊರಟುದಕ್ಕೆ ವೈರಾಗ್ಯದಷ್ಟೇ ಹಸಿವೂ ಕಾರಣವಾಗಿತ್ತೆಂಬುದನ್ನು ಮರೆಯಲಾಗದು.

ಆ ಹುಡುಗನ ಹೆಸರು ದಾಸಪ್ಪ. ತಂದೆ ಶ್ರೀನಿವಾಸಪ್ಪ, ತಾಯಿ ಕೂಸಮ್ಮ. ಕಡುಬಡತನದ ಮನೆ. ಹೊಳೆದಾಟಿ ಆದವಾನಿಯ ಕಡೆಗೆ ಹೋಗಿ, ಅಲ್ಲಿಂದ ಯಾತ್ರಿಕರ ಜೊತೆಯಲ್ಲಿ ಕಾಶಿಗೆ ತೆರಳಿದನು. ಕೆಲವು ಕಾಲ ಅಲ್ಲಿದ್ದು ಊರಿಗೆ ಮರಳಿದ ಮೇಲೆ ಅರಳಮ್ಮನೊಡನೆ ವಿವಾಹವಾಯಿತು. ಬಡತನ ಮಾತ್ರ ಬಿಡಲಿಲ್ಲ. ಪುನಃ ಕಾಶಿಗೆ ಹೋದಾಗ ಕನಸಿನಲ್ಲಿ ಪುರಂದರದಾಸರು ಕಾಣಿಸಿಕೊಂಡು ‘ವಿಜಯವಿಠಲ’ ಎಂಬ ಅಂಕಿತವನ್ನು ಕೊಟ್ಟರೆಂದು ಸಂಪ್ರದಾಯವು ಹೇಳುತ್ತದೆ. ಪುರಂದರದಾಸರು ೧೫೬೪ರಲ್ಲಿ ಕಾಲವಾದವರು. ಕನಸಿಗೆ ತೇದಿ ಹಾಕುವುದು ಇತಿಹಾಸಕಾರನ ಕೆಲಸವಲ್ಲ. ಆದರೂ ಆ ಕನಸಿನ ಅರ್ಥವು ಸ್ಪಷ್ಟವಾಗಿಯೇ ಇದೆ: ಒಂದೂವರೆ ಶತಮಾನದಷ್ಟು ಕಾಲ ಬಿಡುವು ಬಿದ್ದಿದ್ದ ಹಾಡಿನ ಪರಂಪರೆಯೊಂದನ್ನು, ಬದುಕಿರುವ ಗುರುವಿಲ್ಲದೆ, ಒಬ್ಬನು ತಾನಾಗಿಯೇ ತಲೆಯ ಮೇಲೆ ಎತ್ತಿಕೊಂಡನು.

ಕಾಶಿಯಾತ್ರೆಯನ್ನು ಅವರು ಮೂರು ಸಲ ಮಾಡಿದರೆಂದು ಹೇಳಿಕೆಯುಂಟು. ಚೀಕಲಪರವಿಯಿಂದ ಕಾಶಿಗೆ ಇಂದಿನ ಅಳತೆಯಲ್ಲಿ ಸಾವಿರದ ಇನ್ನೂರು ಕಿಲೋಮೀಟರುಗಳಿಗೆ ಮೇಲ್ಪಟ್ಟ ದೂರ. ದಿನಕ್ಕೆ ಐದಾರು ಹರದಾರಿ ನಡೆಯಬಲ್ಲವನಿಗೂ ಹೋಗಲು ಎರಡು ತಿಂಗಳು, ಬರಲು ಎರಡು ತಿಂಗಳು. ಮಳೆಗಾಲದಲ್ಲಿ ನದಿಗಳು ತುಂಬಿದರೆ ಅಷ್ಟಕ್ಕೂ ಹೆಚ್ಚು. ಕೃಷ್ಣೆ, ಭೀಮೆ, ಗೋದಾವರಿ, ನರ್ಮದೆಗಳನ್ನು ದಾಟಬೇಕು. ಒಂದು ಸೀಮೆಯಲ್ಲಿ ನಿಜಾಮನ ಅಧಿಕಾರಿಗಳು, ಇನ್ನೊಂದರಲ್ಲಿ ಮರಾಠರ ಸರದಾರರು, ಮುಂದೆ ಮೊಗಲ ಸುಭೆಗಳು, ಕೊನೆಗೆ ಅಯೋಧ್ಯೆಯ ನವಾಬನ ಅಂಕೆಗೊಳಪಟ್ಟ ಕಾಶಿ. ‘ಅಂತರ್‌ರಾಷ್ಟ್ರೀಯ’ ಎಂಬ ಶಬ್ದವು ಆಗ ಇರಲಿಲ್ಲ. ಆ ಶಬ್ದವು ಸೂಚಿಸುವ ತೊಡಕುಗಳೆಲ್ಲ ಇದ್ದವು. ಗಡಿ, ಸುಂಕ, ನಾಣ್ಯ, ಭಾಷೆ ಎಲ್ಲವೂ ದಾರಿಯುದ್ದಕ್ಕೂ ಬದಲಾಗುತ್ತಿದ್ದವು. ಬದಲಾಗದೆ ಉಳಿಯುತ್ತಿದ್ದುದು ತಂಬೂರಿಯ ಶ್ರುತಿಯೊಂದೇ. ಕಾಶಿಯಲ್ಲದೆ ತಿರುಪತಿ, ಪಂಢರಪುರ, ಉಡುಪಿ ಮೊದಲಾದ ಕ್ಷೇತ್ರಗಳಿಗೂ ವಿಜಯದಾಸರು ಹೋದರು. ಆಯಾ ಕ್ಷೇತ್ರವನ್ನು ಕುರಿತು ಅವರು ಕಟ್ಟಿದ ಸುಳಾದಿಗಳನ್ನು ಒಟ್ಟುಗೂಡಿಸಿ ನೋಡಿದರೆ ಅವರ ಸಂಚಾರದ ನಕಾಶೆಯೇ ದೊರೆಯುವಂತಿದೆ.

ಸುಳಾದಿಯೆಂಬ ಪ್ರಬಂಧದ ಸ್ವರೂಪವನ್ನು ಇಲ್ಲಿ ಸ್ವಲ್ಪ ತಿಳಿಸುವುದು ಅವಶ್ಯ. ಏಕೆಂದರೆ ಕೇಳುವವರನ್ನು ಗಂಟೆಗಟ್ಟಲೆ ಹಿಡಿದಿಡುತ್ತಿದ್ದ ಉಪಾಯವು ಅದರಲ್ಲಿಯೇ ಅಡಗಿದೆ. ಸಾಮಾನ್ಯ ಪದವೊಂದಕ್ಕೆ ಪಲ್ಲವಿ, ಅನುಪಲ್ಲವಿ, ಚರಣಗಳು, ತಾಳ ಒಂದೇ. ಸುಳಾದಿಯಲ್ಲಾದರೋ ಧ್ರುವ, ಮಟ್ಟ, ರೂಪಕ, ಝಂಪೆ, ತ್ರಿವಿಡಿ, ಅಟ್ಟ, ಏಕ ಎಂದು ತಾಳವು ನುಡಿಯಿಂದ ನುಡಿಗೆ ಬದಲಾಗುತ್ತದೆ. ಕೊನೆಯಲ್ಲಿ ಎರಡು ಸಾಲಿನ ‘ಜತೆ’ ಬಂದು ಮುಕ್ತಾಯವಾಗುತ್ತದೆ. ಒಂದು ತಾಳದಲ್ಲಿ ತತ್ತ್ವವನ್ನು ಪ್ರತಿಪಾದಿಸಿ, ಮುಂದಿನದರಲ್ಲಿ ದೇವರೊಡನೆ ಜಗಳವಾಡಿ, ಮತ್ತೊಂದರಲ್ಲಿ ಕ್ಷೇತ್ರವನ್ನು ವರ್ಣಿಸಿ, ಜತೆಯಲ್ಲಿ ಶರಣಾಗುವಷ್ಟು ಅವಕಾಶವು ಅದರಲ್ಲಿದೆ. ಒಂದೊಂದು ಸುಳಾದಿಯೂ ಒಂದು ಸಣ್ಣ ಕಛೇರಿಯೇ ಸರಿ. ಪುರಂದರದಾಸರ ಕೃತಿಗಳನ್ನೂ ಸೇರಿಸಿ ಐದು ಲಕ್ಷದ ಸಂಖ್ಯೆಯನ್ನು ತುಂಬಲು ವಿಜಯದಾಸರು ಇಪ್ಪತ್ತೈದು ಸಾವಿರ ಕೃತಿಗಳನ್ನು ರಚಿಸಿದರೆಂಬ ಪ್ರತೀತಿಯು ಪ್ರಸಿದ್ಧವಾಗಿದೆ. ಕೈಗೆ ಸಿಕ್ಕಿರುವುದು ಅದರ ಅಲ್ಪಭಾಗವಾದರೂ ‘ಸುಳಾದಿ ದಾಸರು’ ಎಂಬ ಬಿರುದು ಅವರಿಗೆ ಸಲ್ಲುವುದರಲ್ಲಿ ಸಂದೇಹವಿಲ್ಲ.

ಅವರ ಕಛೇರಿಗೆ ಮಂಟಪವಿಲ್ಲ, ಪರದೆಯಿಲ್ಲ. ಹೆಗಲಿಗೆ ಗೋಪಾಳದ ಬುಟ್ಟಿ, ಕೈಯಲ್ಲಿ ತಂಬೂರಿ ಮತ್ತು ಚಿಟಿಕೆ, ಕಾಲಿಗೆ ಗೆಜ್ಜೆ. ಬೆಳಿಗ್ಗೆ ಸ್ನಾನ ಮುಗಿಸಿ ಬೀದಿಗೆ ಇಳಿದು ಮನೆಯಿಂದ ಮನೆಗೆ ಹಾಡುತ್ತ ಹೋಗುವುದು. ಬಾಗಿಲಿಗೆ ಬಂದ ಗೃಹಿಣಿ ಬುಟ್ಟಿಗೆ ಹಾಕಿದ ಹಿಡಿ ಜೋಳವನ್ನೋ ಅಕ್ಕಿಯನ್ನೋ ಸ್ವೀಕರಿಸುವುದು. ಅಂದಿನ ಧಾನ್ಯ ಅಂದಿಗೆ, ನಾಳೆಗೆಂದು ಕೂಡಿಡಬಾರದು. ಇದಕ್ಕೆ ಮಧುಕರವೃತ್ತಿಯೆಂದು ಹೆಸರು. ದುಂಬಿಯು ಒಂದೇ ಹೂವನ್ನು ಬರಿದುಮಾಡದಂತೆ, ದಾಸನೂ ಒಂದೇ ಮನೆಗೆ ಹೊರೆಯಾಗಕೂಡದು. ಮೇಲೆ ಹೇಳಿದ ಇನ್ನೂರು ಕೋಟಿ ಡಾಲರುಗಳ ಪಕ್ಕದಲ್ಲಿ ಈ ಬುಟ್ಟಿಯನ್ನು ಇಟ್ಟು ಒಂದನ್ನು ಹೊಗಳಿ ಇನ್ನೊಂದನ್ನು ಹಳಿಯುವುದು ಸುಲಭ. ಆದರೆ ಅದು ವಿವೇಕವಲ್ಲ. ಬಡತನವು ದಾಸರಿಗೆ ವ್ರತವಾಗುವುದಕ್ಕೆ ಮೊದಲು ವಿಧಿಯಾಗಿತ್ತು. ಅರಳಮ್ಮನು ಆ ಬುಟ್ಟಿಯಲ್ಲಿ ಬಂದಷ್ಟರಲ್ಲಿಯೇ ಮನೆಯವರಿಗೂ ಬಂದ ಶಿಷ್ಯರಿಗೂ ಬಡಿಸಬೇಕಾಗಿದ್ದಿತು. ಆಕೆಯ ವಿಷಯವಾಗಿ ಚರಿತ್ರೆಗಳಲ್ಲಿ ಬರೆದಿರುವ ಸಾಲುಗಳು ತೀರ ಕಡಮೆ.

ಬೀದಿಯ ಹಾಡಿಗೂ ಬಯಲಿನ ಕಛೇರಿಗೂ ಇರುವ ಅಂತರವನ್ನು ತೋರಿಸುವ ಘಟನೆಯೊಂದು ಬೆಂಗಳೂರಿನಲ್ಲಿಯೇ ನಡೆಯಿತು. ಆಂಗ್ಲ ಗಾಯಕಕವಿ ಎಡ್ ಶೀರನ್ ತನ್ನ ಲೋಕಸಂಚಾರದ ಅಂಗವಾಗಿ ೨೦೨೫ರ ಜನವರಿ-ಫೆಬ್ರವರಿಗಳಲ್ಲಿ ಪುಣೆ, ಹೈದರಾಬಾದು, ಚೆನ್ನೈ, ಬೆಂಗಳೂರು, ಶಿಲ್ಲಾಂಗ್, ದೆಹಲಿಗಳಲ್ಲಿ ಹಾಡಿದನು. ಬೆಂಗಳೂರಿನಲ್ಲಿ ಫೆಬ್ರವರಿ ೮ ಮತ್ತು ೯ರಂದು ಎರಡು ಕಛೇರಿಗಳಿದ್ದವು. ೯ರ ಬೆಳಿಗ್ಗೆ ಆತನು ಚರ್ಚ್ ಸ್ಟ್ರೀಟಿನ ಕಾಲುದಾರಿಯಲ್ಲಿ ನಿಂತು ಗಿಟಾರು ಹಿಡಿದು ಹಾಡತೊಡಗಲು, ಪೋಲೀಸಿನವರು ಬಂದು ಧ್ವನಿವರ್ಧಕದ ತಂತಿಯನ್ನು ಕಿತ್ತು ಹಾಡನ್ನು ನಿಲ್ಲಿಸಿದರು. ಜನಸಂದಣಿಯ ಬೀದಿಯಾದುದರಿಂದ ಅನುಮತಿ ನಿರಾಕರಿಸಲಾಗಿತ್ತೆಂದು ಪೋಲೀಸರು ಹೇಳಿದರು. ತಮಗೆ ಅನುಮತಿಯಿತ್ತೆಂದು ಗಾಯಕನು ಹೇಳಿದನು. ಆ ಸಂಜೆ ಚೀಟಿ ಕೊಂಡವರ ಮುಂದೆ ಅದೇ ಗಾಯಕನು ನಿರಾತಂಕವಾಗಿ ಹಾಡಿದನು. ಹದಿನೆಂಟನೆಯ ಶತಮಾನದ ಆದವಾನಿಯ ಬೀದಿಯಲ್ಲಿ ಹಾಡುತ್ತಿದ್ದ ದಾಸನಿಗೆ ಬೇಕಾಗಿದ್ದ ಅನುಮತಿ ಬಾಗಿಲು ತೆರೆಯುವ ಮನೆಯವಳದು ಮಾತ್ರ.

ಅನುಮತಿಯ ಮಾತು ದಾಸರಿಗೆ ಇರಲೇ ಇಲ್ಲವೆಂದಲ್ಲ. ಅವರಿಗೆ ಎದುರಾದ ತಡೆ ಕೊತ್ವಾಲನದಲ್ಲ, ಪಂಡಿತನದು. ವೇದಾಂತವನ್ನು ಕನ್ನಡದಲ್ಲಿ ಹಾಡಿ ಬೀದಿಯ ಪಾಲುಮಾಡುವುದು ಸರಿಯೇ ಎಂಬ ಪ್ರಶ್ನೆಯು ವ್ಯಾಸಕೂಟ, ದಾಸಕೂಟ ಎಂಬ ಹೆಸರುಗಳಲ್ಲಿ ಬಹುಕಾಲದಿಂದ ಹೊಗೆಯಾಡುತ್ತಿದ್ದಿತು. ಅದು ಉರಿಯಾಗಿ ಎದ್ದುದು ಮಾನವಿಯಲ್ಲಿ. ಬ್ಯಾಗವಾಟದ ಶ್ರೀನಿವಾಸಾಚಾರ್ಯರು ೧೭೨೮ರಲ್ಲಿ ಜನಿಸಿ, ಮಂತ್ರಾಲಯದ ಮಠದ ವರದೇಂದ್ರತೀರ್ಥರಲ್ಲಿ ಶಾಸ್ತ್ರಾಭ್ಯಾಸ ಮಾಡಿ, ಎಳೆಯ ವಯಸ್ಸಿನಲ್ಲಿಯೇ ಪ್ರಕಾಂಡ ಪಂಡಿತರೆನಿಸಿಕೊಂಡವರು. ವಿಜಯದಾಸರು ಶಿಷ್ಯಸಮೇತರಾಗಿ ಮಾನವಿಗೆ ಬಂದು ಊಟಕ್ಕೆ ಕರೆಸಿದಾಗ, ಕನ್ನಡ ಪದ ಹೇಳಿಕೊಂಡು ತಿರುಗುವವರ ಪಂಕ್ತಿಗೆ ಬರಲೊಲ್ಲದೆ, ಹೊಟ್ಟೆನೋವೆಂಬ ನೆವವನ್ನು ಹೇಳಿ ಕಳಿಸಿದರಂತೆ. ನೆವವೇ ನಿಜವಾಗಿ, ಉದರವ್ಯಾಧಿಯು ಅವರನ್ನು ಹಣ್ಣುಮಾಡಿತು. ಕೊನೆಗೆ ವಿಜಯದಾಸರಿಗೇ ಶರಣಾದಾಗ ಅವರು ತಮ್ಮ ಶಿಷ್ಯ ಗೋಪಾಲದಾಸರ ಬಳಿಗೆ ಕಳುಹಿಸಿದರು. ಗೋಪಾಲದಾಸರು ರೋಗಿಗೆ ಜೋಳದ ರೊಟ್ಟಿಯನ್ನು ಉಣಿಸಿ ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಧಾರೆಯೆರೆದರೆಂಬುದು ಐತಿಹ್ಯ.

ಈ ಕಥೆಯನ್ನು ನಂಬುವುದು ಬಿಡುವುದು ಅವರವರ ಇಚ್ಛೆ. ವರ್ಷಗಳ ಲೆಕ್ಕವನ್ನು ಮಾತ್ರ ನೋಡಬಹುದು. ಗೋಪಾಲದಾಸರು ನಲವತ್ತರ ವಯಸ್ಸಿನಲ್ಲಿ, ೧೭೬೨ರಲ್ಲಿ, ತೀರಿಕೊಂಡರು. ಶ್ರೀನಿವಾಸಾಚಾರ್ಯರು ಎಂಬತ್ತೊಂದು ವರ್ಷ ಬಾಳಿ ೧೮೦೯ರಲ್ಲಿ ಮಾನವಿಯಲ್ಲಿ ದೇಹಬಿಟ್ಟರು. ಪಂಢರಪುರದ ಚಂದ್ರಭಾಗೆಯಲ್ಲಿ ಮಿಂದು ‘ಜಗನ್ನಾಥವಿಠಲ’ ಎಂಬ ಅಂಕಿತವನ್ನು ಪಡೆದ ಮೇಲೆ ಅದೇ ಪಂಡಿತರು ತಂಬೂರಿ ಹಿಡಿದು ಗೆಜ್ಜೆ ಕಟ್ಟಿ ಮಾನವಿಯ ಬೀದಿಯಲ್ಲಿ ಕನ್ನಡ ಹಾಡಿದರು. ಅವರ ‘ಹರಿಕಥಾಮೃತಸಾರ’ವು ಭಾಮಿನೀ ಷಟ್ಪದಿಯಲ್ಲಿ ಮೂವತ್ತೆರಡು ಸಂಧಿಗಳ ಗ್ರಂಥ. ಕನ್ನಡದಲ್ಲಿ ಹಾಡುವುದನ್ನು ಹೀನವೆಂದು ಎಣಿಸಿದ್ದವರ ಕನ್ನಡ ಗ್ರಂಥಕ್ಕೆ ಮುಂದೆ ಪಂಡಿತರು ಸಂಸ್ಕೃತದಲ್ಲಿ ವ್ಯಾಖ್ಯಾನ ಬರೆಯಬೇಕಾಯಿತು. ಬೀದಿಯ ಭಾಷೆಗೂ ಮಠದ ಭಾಷೆಗೂ ನಡೆದ ವ್ಯಾಜ್ಯದಲ್ಲಿ ಇದಕ್ಕಿಂತ ಸ್ಪಷ್ಟವಾದ ತೀರ್ಪು ಸಿಕ್ಕಲಾರದು.

ಗೋಪಾಲದಾಸರ ಬಾಳು ಅಲ್ಪವಾದರೂ ಅವರ ಪ್ರಭಾವ ಅಲ್ಪವಲ್ಲ. ಬಾಲ್ಯದಲ್ಲಿ ಭಾಗಣ್ಣನೆಂದು ಹೆಸರು. ತಂದೆ ತೀರಿದ ಮೇಲೆ ತಾಯಿ ವೆಂಕಮ್ಮನೂ ನಾಲ್ವರು ಮಕ್ಕಳೂ ಮೊಸರಕಲ್ಲನ್ನು ಬಿಟ್ಟು ಅಲೆದರು. ನಾಲ್ವರು ಸೋದರರೂ ಹಾಡು ಕಟ್ಟಿದವರೇ. ಗುರುಗೋಪಾಲವಿಠಲ, ವರದಗೋಪಾಲವಿಠಲ, ತಂದೆಗೋಪಾಲವಿಠಲ ಎಂಬ ಅಂಕಿತಗಳು ಉಳಿದ ಮೂವರವು. ಒಂದೇ ಬಸಿರಿನ ನಾಲ್ವರು ಗಾಯಕಕವಿಗಳಾದ ನಿದರ್ಶನ ಕನ್ನಡದಲ್ಲಿ ವಿರಳ. ರಾಣಿಬೆನ್ನೂರು ಸೀಮೆಯ ಹೆಳವನಕಟ್ಟೆ ಗಿರಿಯಮ್ಮನಿಗೂ ಗೋಪಾಲದಾಸರೇ ಗುರುಗಳೆಂದು ಹೇಳುತ್ತಾರೆ. ಜಗನ್ನಾಥದಾಸರ ಶಿಷ್ಯರಾದ ಪ್ರಾಣೇಶದಾಸರಿಂದ ಈ ಹಾಡು ಲಿಂಗಸೂಗೂರಿಗೆ ಹಬ್ಬಿತು.

ಇಷ್ಟಾದರೂ ದಾಸರ ಹಾಡು ಎಲ್ಲರ ಕಿವಿಗೂ ಸಮಾನವಾಗಿ ಮುಟ್ಟಿತೆಂದು ಹೇಳಿದರೆ ಉತ್ಪ್ರೇಕ್ಷೆಯಾದೀತು. ಮಧುಕರವೃತ್ತಿಯ ದಾರಿಯು ಬಹುಮಟ್ಟಿಗೆ ಅಗ್ರಹಾರದ ದಾರಿ. ಹೊಲಗೇರಿಯವರೆಗೆ ಅದು ಹೋಗುತ್ತಿರಲಿಲ್ಲ. ಅಲ್ಲಿ ಹಾಡಿದವರು ಬೇರೆ: ಏಕತಾರಿ ಹಿಡಿದ ತತ್ತ್ವಪದಕಾರರು, ಮೊಹರಮಿನ ಕಾಲದಲ್ಲಿ ಅಲಾಯಿಯ ಸುತ್ತ ರಿವಾಯತ ಪದಗಳನ್ನು ಹಾಡುವ ಮೇಳದವರು. ಎಡೆದೊರೆಯ ಹಾಡಿನ ಇತಿಹಾಸವು ಸಂಪೂರ್ಣವಾಗಬೇಕಾದರೆ ಈ ಧಾರೆಗಳನ್ನೂ ಕೂಡಿಸಿ ಬರೆಯಬೇಕು.

ವಿಜಯದಾಸರು ೧೭೫೫ನೆಯ ಯುವಸಂವತ್ಸರದ ಕಾರ್ತಿಕ ಶುದ್ಧ ದಶಮಿಯಂದು ಚಿಪ್ಪಗಿರಿಯಲ್ಲಿ ಕಾಲವಾದರು. ಹಾಡುಗಾರನು ಹೋದ ಮೇಲೆ ಹಾಡಿನ ಸಂಚಾರವು ಹೇಗೆ ಮುಂದುವರಿಯಬೇಕು? ಈಗಿನ ಗಾಯಕನ ಪ್ರತಿಯೊಂದು ಉಸಿರೂ ಯಂತ್ರದಲ್ಲಿ ಮುದ್ರಿತವಾಗಿರುತ್ತದೆ. ದಾಸರಿಗೆ ಅಂತಹ ಸಾಧನವಿರಲಿಲ್ಲ. ಓಲೆ, ಕಾಗದಗಳಲ್ಲಿ ಸಾಹಿತ್ಯವನ್ನು ಬರೆದುಕೊಂಡ ಶಿಷ್ಯರು ಮೇಲೆ ರಾಗದ ಹೆಸರನ್ನೂ ತಾಳದ ಹೆಸರನ್ನೂ ಗುರುತಿಸಿದರು; ಸ್ವರವನ್ನು ಬರೆದಿಡಲಿಲ್ಲ. ಸ್ವರವು ಬಾಯಿಂದ ಬಾಯಿಗೆ ಬರಬೇಕಾದ ವಸ್ತುವಾಗಿತ್ತು. ಬಂದ ದಾರಿಯಲ್ಲಿ ಬಹುಪಾಲು ಸವೆದುಹೋಯಿತು. ಈಗ ವಿಜಯದಾಸರ ಸುಳಾದಿಯೊಂದನ್ನು ಪುಸ್ತಕ ಹಿಡಿದು ಏಕನಾದದಲ್ಲಿ ಪಾರಾಯಣ ಮಾಡುವವರು ಅನೇಕರು. ತಾಳದಿಂದ ತಾಳಕ್ಕೆ ಇಳಿದು ಹಾಡಬಲ್ಲವರು ಕೆಲವರು. ಅವರು ಹಾಡುವುದೂ ಹೆಚ್ಚಾಗಿ ಹೊಸದಾಗಿ ಕೂಡಿಸಿದ ಧಾಟಿ. ಭಾರತದ ಅರ್ಧಭಾಗದ ಬೀದಿಗಳು ಕೇಳಿದ ಆ ಕಂಠದ ಧಾಟಿ ಯಾವುದಿತ್ತೆಂಬುದಕ್ಕೆ ಸಾಕ್ಷಿ ಹೇಳಲು ಉಳಿದಿರುವುದು ತಾಳಗಳ ಹೆಸರು ಮಾತ್ರ. ಇದು ಸಣ್ಣ ನಷ್ಟವಲ್ಲ. ಸಾಹಿತ್ಯವನ್ನು ಉಳಿಸಿದೆವೆಂಬ ಹೆಮ್ಮೆಯಲ್ಲಿ ಕನ್ನಡಿಗರು ಸಂಗೀತವನ್ನು ಕಳೆದುಕೊಂಡುದಕ್ಕೆ ಮರುಗಿದುದು ಕಾಣಬರುವುದಿಲ್ಲ.

ಸಾಹಿತ್ಯವು ಉಳಿದುದಾದರೂ ಯತ್ನವಿಲ್ಲದೆ ಅಲ್ಲ. ಮಂಗಳೂರಿನ ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗನು ೧೮೫೦ರ ಸುಮಾರಿಗೆ ದಾಸರ ಪದಗಳನ್ನು ಅಚ್ಚುಹಾಕಿಸಿದನು. ಉಡುಪಿಯ ಪಾವಂಜೆ ಗುರುರಾಯರು ಆ ಕೆಲಸವನ್ನು ಮುಂದುವರಿಸಿದರು. ನಿಜಾಮನ ರಾಜ್ಯದಲ್ಲಿ ಕಛೇರಿಯ ಭಾಷೆಯೂ ಶಾಲೆಯ ಭಾಷೆಯೂ ಉರ್ದುವಾಗಿದ್ದ ಕಾಲದಲ್ಲಿ, ಎಡೆದೊರೆಯ ಅನೇಕ ಮನೆಗಳಲ್ಲಿ ಕನ್ನಡವು ಉಳಿದುದು ಏಕಾದಶಿಯ ಭಜನೆಯಲ್ಲಿ, ಬೀಸುಕಲ್ಲಿನ ಮುಂದಿನ ಹೆಂಗಸರ ಹಾಡಿನಲ್ಲಿ. ೧೯೩೪ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನವು ರಾಯಚೂರಿನಲ್ಲಿ ಸೇರಿದಾಗ ಕನ್ನಡದ ಪರಿಷೆಗೆ ಬಂದವರಿಗೆ ಆ ನೆಲದಲ್ಲಿ ಕನ್ನಡವು ಹೊಸದಾಗಿರಲಿಲ್ಲ. ಲಿಂಗಸೂಗೂರಿನ ಗೊರೆಬಾಳ ಹನುಮಂತರಾಯರು ಮನೆಮನೆಯ ಹಸ್ತಪ್ರತಿಗಳನ್ನು ಹುಡುಕಿ ತೆಗೆದು, ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಮೂಲಕ ಪ್ರಕಟಿಸಿದ ಸಂಪುಟಗಳು ಇಲ್ಲದಿದ್ದರೆ ಈ ದಾಸರ ಎಷ್ಟೋ ಕೃತಿಗಳು ಗೆದ್ದಲಿಗೆ ಆಹಾರವಾಗುತ್ತಿದ್ದವು.

ಆಮೇಲೆ ಹಾಡು ಪುನಃ ದೊಡ್ಡ ವೇದಿಕೆಗೆ ಏರಿತು. ಗದುಗಿನ ಭೀಮಸೇನ ಜೋಶಿಯವರು ದಾಸವಾಣಿಯನ್ನು ಹಿಂದುಸ್ತಾನಿ ರಾಗಗಳಲ್ಲಿ ಹಾಡಿ ಕನ್ನಡ ಬಾರದವರಿಂದಲೂ ತಲೆದೂಗಿಸಿದರು. ವಿದ್ಯಾಭೂಷಣರ ಧ್ವನಿಸುರುಳಿಗಳು ಹಳ್ಳಿಯ ಚಹದಂಗಡಿಯನ್ನೂ ಸಾಗರದಾಚೆಯ ಕನ್ನಡ ಕೂಟಗಳನ್ನೂ ಮುಟ್ಟಿದವು. ಎಡೆದೊರೆಯವರೇ ಆದ ಸಿದ್ಧರಾಮ ಜಂಬಲದಿನ್ನಿಯವರು ವಚನಗಳನ್ನು ಹಾಡಿ ಹೆಸರಾದರು. ರಾಯಚೂರಿನ ರಂಗಮಂದಿರಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ.

ಅಷ್ಟರಲ್ಲಿ ದಾಸರು ನಡೆದಾಡಿದ ನೆಲವು ಹಂಚಿಹೋಗಿತ್ತು. ೧೯೫೩ರಲ್ಲಿ ಆಂಧ್ರ ರಾಜ್ಯವು ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದಕ್ಕೆ ಸೇರಿದವು. ೧೯೫೬ರಲ್ಲಿ ರಾಯಚೂರು ಜಿಲ್ಲೆಯಿಂದ ಗದ್ವಾಲ, ಆಲಂಪುರ ತಾಲ್ಲೂಕುಗಳನ್ನು ಬೇರ್ಪಡಿಸಲು ಉತ್ತನೂರು ಆಚೆಯದಾಯಿತು. ಈಗ ವಿಜಯದಾಸರ ಹುಟ್ಟು ಕರ್ಣಾಟಕದಲ್ಲಿ, ಸಮಾಧಿ ಆಂಧ್ರದಲ್ಲಿ. ಗೋಪಾಲದಾಸರ ಹುಟ್ಟು ಕರ್ಣಾಟಕದಲ್ಲಿ, ಬಾಳು ತೆಲಂಗಾಣದಲ್ಲಿ. ಮೂರು ರಾಜ್ಯಗಳು ಕೂಡುವ ಈ ಮೂಲೆಯಲ್ಲಿ ಕಾರ್ತಿಕ ಶುದ್ಧ ದಶಮಿ ಬಂದರೆ ಮಾನವಿ, ರಾಯಚೂರು ಕಡೆಯ ಭಜನಾಮಂಡಲಿಯವರು ಗಂಟು ಕಟ್ಟಿಕೊಂಡು ಚಿಪ್ಪಗಿರಿಗೆ ಹೊರಡುತ್ತಾರೆ. ಹೊಳೆಯಾಚೆಯ ಮಂಡಲಿಗಳಲ್ಲಿ ಕನ್ನಡ ಓದಲು ಬಾರದವರು ಅನೇಕರಿರುವರು. ಅವರ ಕೈಯಲ್ಲಿರುವುದು ತೆಲುಗು ಲಿಪಿಯಲ್ಲಿ ಅಚ್ಚಾದ ಪುಸ್ತಕ. ಅದರೊಳಗಿನ ಹಾಡು ಕನ್ನಡದ್ದು.